ಬೆಂಗಳೂರಿನ ಒಣ ಹವೆಯಲ್ಲಿ ಮೈಗೆ ಏನು ಹಚ್ಚಬೇಕು: ಎಣ್ಣೆ, ಗ್ಲಿಸರಿನ್, ಪೆಟ್ರೋಲಿಯಂ ಜೆಲ್ಲಿ, ಕ್ರೀಮುಗಳ ಹೋಲಿಕೆ

ಕುಂದಾಪುರದಲ್ಲಿ ಎಪ್ಪತ್ತು ವರ್ಷ ಬದುಕಿದ ನನ್ನ ತಾಯಿಗೆ ಮೈ ಒಡೆಯುವುದು ಎಂದರೇನೆಂದು ಗೊತ್ತಿರಲಿಲ್ಲ. ಬೆಂಗಳೂರಿನ ನಮ್ಮ ಮನೆಗೆ ಬಂದು ನೆಲೆಸಿದ ಮೊದಲ ಜನವರಿಯಲ್ಲೇ ಅವರ ಮೊಣಕಾಲಿನ ಕೆಳಗಿನ ಭಾಗವೆಲ್ಲ ಬೂದಿ ಬಳಿದಂತೆ ಬಿಳಿಚಿಕೊಂಡಿತು. ಉಗುರಿನಿಂದ ಮೆಲ್ಲಗೆ ಗೀರಿದರೆ ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ ಬಿಳಿ ಗೆರೆ ನಿಲ್ಲುತ್ತಿತ್ತು. ರಾತ್ರಿ ಹೊದಿಕೆ ಬೆಚ್ಚಗಾದ ಕೂಡಲೇ ತುರಿಕೆ ಶುರುವಾಗುತ್ತಿತ್ತು. ಊರಿನಲ್ಲಿ ಮಾಡುತ್ತಿದ್ದ ಹಾಗೆಯೇ ಅವರು ವಾರಕ್ಕೆರಡು ಸಲ ತೆಂಗಿನೆಣ್ಣೆ ತಿಕ್ಕಿಕೊಂಡು, ಅರ್ಧ ಗಂಟೆ ಬಿಟ್ಟು, ಬಿಸಿ ನೀರಿನಲ್ಲಿ ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದರು. ಎಣ್ಣೆ ಹಚ್ಚಿದರೂ ಮೈ ಒಣಗುವುದೇಕೆ ಎಂಬ ಅವರ ಪ್ರಶ್ನೆಯ ಬೆನ್ನು ಹತ್ತಿ ಓದುತ್ತ, ಚರ್ಮವೈದ್ಯರನ್ನು ಕೇಳುತ್ತ ಹೋದ ಮೇಲೆ ನನಗೆ ಒಂದು ವಿಷಯ ಮನದಟ್ಟಾಯಿತು. ಹಚ್ಚುವ ಹೊತ್ತಿಗೆ ಚರ್ಮದಲ್ಲಿ ನೀರು ಇರಬೇಕು, ಹಚ್ಚಿದ್ದು ಮೈ ಮೇಲೆ ಉಳಿಯಬೇಕು. ಯಾವ ಡಬ್ಬಿ, ಯಾವ ಬೆಲೆ ಎಂಬ ಪ್ರಶ್ನೆಗಳು ಇವೆರಡರ ನಂತರ ಬರುತ್ತವೆ. ಮುಂದಿನ ಹೋಲಿಕೆಯೆಲ್ಲ ಈ ಅಳತೆಗೋಲನ್ನೇ ಹಿಡಿದು ಮಾಡಿದ್ದು.

ನೀರು ಹೋಗುವ ದಾರಿ

ಅಂಗೈ, ಅಂಗಾಲುಗಳನ್ನು ಬಿಟ್ಟರೆ ನಮ್ಮ ಚರ್ಮದ ಅತ್ಯಂತ ಹೊರಗಿನ ಪದರದ ದಪ್ಪ ಕೇವಲ 10ರಿಂದ 20 ಮೈಕ್ರೋಮೀಟರ್, ಅಂದರೆ ಒಂದು ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಅಷ್ಟರಲ್ಲೇ ಸತ್ತು ಚಪ್ಪಟೆಯಾದ ಜೀವಕೋಶಗಳು ಹದಿನೈದಿಪ್ಪತ್ತು ಸಾಲುಗಳಾಗಿ ಇಟ್ಟಿಗೆಗಳಂತೆ ಕೂತಿರುತ್ತವೆ. ಅವುಗಳ ಸಂದುಗಳಲ್ಲಿ ಸೆರಮೈಡ್ ಎಂಬ ಒಂದು ಬಗೆಯ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆಯಂತೆ ತುಂಬಿರುತ್ತವೆ. ಈ ಗಾರೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಸೆರಮೈಡ್‌ನದೇ. ಇಟ್ಟಿಗೆಗಳ ಒಳಗೆ ಅಮೈನೊ ಆಮ್ಲಗಳು, ಲ್ಯಾಕ್ಟೇಟ್, ಯೂರಿಯಾ ಮೊದಲಾದ, ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತುಗಳಿರುತ್ತವೆ. ಇವು ನೀರಿನಲ್ಲಿ ಕರಗುತ್ತವೆ, ಸಂದಿನ ಗಾರೆಯನ್ನು ಸೋಪು ಕಿತ್ತು ತೆಗೆಯುತ್ತದೆ. ಹೀಗಾಗಿ ಬಿಸಿ ನೀರಿನ ದೀರ್ಘ ಸ್ನಾನ ಎರಡನ್ನೂ ದಿನಕ್ಕಿಷ್ಟು ಕೊಂಡೊಯ್ಯುತ್ತದೆ.

ಗೋಡೆ ಗಟ್ಟಿಯಾಗಿದ್ದಾಗಲೂ ವಯಸ್ಕರೊಬ್ಬರ ಚರ್ಮದಿಂದ, ಬೆವರಿನ ಲೆಕ್ಕ ಬಿಟ್ಟು, ದಿನಕ್ಕೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ಕಣ್ಣಿಗೆ ಕಾಣದ ಆವಿಯಾಗಿ ಹೋಗುತ್ತದೆ. ಅದು ಸಹಜ. ಗಾರೆ ಸಡಿಲವಾದಾಗ ಹೋಗುವ ನೀರು ಹೆಚ್ಚುತ್ತದೆ, ಹೊರಪದರ ಬಿರುಸಾಗುತ್ತದೆ, ಕೊನೆಗೆ ಸೀಳುತ್ತದೆ. ಈ ಬಿರುಸುತನಕ್ಕೆ ಕಾರಣ ಎಣ್ಣೆಯ ಕೊರತೆಯೋ ನೀರಿನ ಕೊರತೆಯೋ ಎಂಬ ಪ್ರಶ್ನೆಯನ್ನು ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲ್ಯಾಂಕ್ 1952ರಲ್ಲಿ ಬಹಳ ಸರಳವಾಗಿ ಬಗೆಹರಿಸಿದರು. ಒಣಗಿ ಗಡುಸಾದ ಆಣಿಚರ್ಮದ ತುಂಡುಗಳನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಅವು ಗಡುಸಾಗಿಯೇ ಉಳಿದವು, ನೀರು ಸಿಕ್ಕಿದ ಕೂಡಲೇ ಮೆತ್ತಗಾದವು. ಹೊರಪದರದಲ್ಲಿ ನೀರು ಶೇ 10ಕ್ಕಿಂತ ಕೆಳಗಿಳಿದರೆ ಅದು ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ ಎಂದು ಅವರು ತೋರಿಸಿದರು. ಎಣ್ಣೆ ಚರ್ಮಕ್ಕೆ ನೀರನ್ನು ಕೊಡುವುದಿಲ್ಲ, ಇರುವ ನೀರು ಹೋಗದಂತೆ ಮುಚ್ಚಳವಾಗುತ್ತದೆ ಅಷ್ಟೆ. ಪಾತ್ರೆಯೇ ಬರಿದಾಗಿದ್ದರೆ ಮುಚ್ಚಳ ಮುಚ್ಚಿ ಫಲವಿಲ್ಲ.

ನಮ್ಮ ಊರಿನ ಹವೆ ಈ ಪಾತ್ರೆಯನ್ನು ಬರಿದು ಮಾಡುವುದರಲ್ಲಿ ಚುರುಕು. ಸಮುದ್ರದಿಂದ ದೂರ, 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿಗೆ ಕರಾವಳಿಯ ಜಿಗುಟು ಗಾಳಿ ಇಲ್ಲ. ಡಿಸೆಂಬರಿನ ಚಳಿ ಬಂದಾಗ ಎಲ್ಲರೂ ಕ್ರೀಮಿನ ಡಬ್ಬಿ ಹುಡುಕುತ್ತಾರೆ, ಸಂಕ್ರಾಂತಿ ಮುಗಿದು ಬಿಸಿಲು ಬಂದೊಡನೆ ಅದನ್ನು ಮೂಲೆಗಿಡುತ್ತಾರೆ. ಆದರೆ ಗಾಳಿ ಅತ್ಯಂತ ಒಣಗಿರುವುದು ಫೆಬ್ರುವರಿ, ಮಾರ್ಚ್ ತಿಂಗಳುಗಳ ಮಧ್ಯಾಹ್ನಗಳಲ್ಲಿ; ಆಗ ಆರ್ದ್ರತೆ ಶೇ 30ರ ಆಸುಪಾಸಿಗೆ ಇಳಿಯುವುದುಂಟು. ಶಿವರಾತ್ರಿ ದಾಟಿ ಯುಗಾದಿಯವರೆಗೆ ಹಚ್ಚುವುದನ್ನು ನಿಲ್ಲಿಸಬಾರದು ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಇದೇ ಕಾರಣಕ್ಕೆ. ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಹವಾನಿಯಂತ್ರಿತ ಕಚೇರಿಗಳಲ್ಲಿ ದಿನಕ್ಕೆ ಒಂಬತ್ತು ಗಂಟೆ ಕೂರುವವರಿಗೆ ಮಳೆಗಾಲದಲ್ಲೂ ಒಣಗಾಲವೇ, ಏಕೆಂದರೆ ಎಸಿ ಯಂತ್ರ ತಂಪು ಮಾಡುತ್ತಲೇ ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ.

ಮೊದಲ ಆಯ್ಕೆ ಸ್ನಾನದ್ದು

ಏನು ಹಚ್ಚಬೇಕು ಎಂದು ಕೇಳುವವರನ್ನು ನಾನು ಮೊದಲು ಕೇಳುವುದು, ಯಾವುದರಿಂದ ತೊಳೆಯುತ್ತೀರಿ ಎಂದು. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ. ಅದರ ಪಿಎಚ್ (ಆಮ್ಲ, ಕ್ಷಾರಗಳ ಅಳತೆ; 7ಕ್ಕಿಂತ ಕಡಿಮೆ ಎಂದರೆ ಆಮ್ಲೀಯ, ಹೆಚ್ಚು ಎಂದರೆ ಕ್ಷಾರೀಯ) 5ರ ಹತ್ತಿರ. ಎಣ್ಣೆ ಮತ್ತು ಕ್ಷಾರದಿಂದ ತಯಾರಾಗುವ ನಿಜವಾದ ಸೋಪಿನ ಪಿಎಚ್ 9ರಿಂದ 10. ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಮುದ್ರಿಸಿರುವ ಅಂಕಿ ಅದರಲ್ಲಿರುವ ಒಟ್ಟು ಕೊಬ್ಬಿನ ಪ್ರಮಾಣವನ್ನು ಹೇಳುತ್ತದೆ. ಶೇ 76ಕ್ಕಿಂತ ಹೆಚ್ಚಿದ್ದರೆ ಅದು ಮೊದಲ ದರ್ಜೆಯ ಸೋಪು. ಈ ನಗರದಲ್ಲಿ 1916ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಸರ್ಕಾರಿ ಸೋಪು ಕಾರ್ಖಾನೆಯ ಗಂಧದ ಸೋಪು ಆ ದರ್ಜೆಯದು, ಅದರ ಬಗ್ಗೆ ನಮಗೆಲ್ಲ ಇರುವ ಅಭಿಮಾನ ನ್ಯಾಯವಾದದ್ದೇ. ಆದರೆ ಟಿಎಫ್‌ಎಂ ಹೆಚ್ಚಿದ್ದ ಮಾತ್ರಕ್ಕೆ ಸೋಪು ಕ್ಷಾರೀಯವಲ್ಲ ಎಂದಾಗುವುದಿಲ್ಲ. ಗಟ್ಟಿಮುಟ್ಟಾದ ಚರ್ಮದವರು ಒಳ್ಳೆಯ ಸೋಪನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಧಾರಾಳವಾಗಿ ಬಳಸಬಹುದು. ಕೈಕಾಲು ಬಿಳಿಚುವವರು ಮೊಣಕಾಲಿನ ಕೆಳಗೆ ಮತ್ತು ಮುಂಗೈಗೆ ದಿನಾ ಸೋಪು ಸೋಕಿಸುವ ಅಗತ್ಯವೇ ಇಲ್ಲ.

ಸೋಪಿಗೆ ಬದಲಾಗಿ ಮೂರು ದಾರಿಗಳಿವೆ. ಔಷಧದ ಅಂಗಡಿಗಳಲ್ಲಿ ಸಿಂಡೆಟ್ ಎಂಬ ಹೆಸರಿನಲ್ಲಿ ಸಿಗುವ, ನೋಡಲು ಸೋಪಿನಂತೆಯೇ ಇರುವ ಬಿಲ್ಲೆಗಳ ಪಿಎಚ್ ಚರ್ಮಕ್ಕೆ ಹತ್ತಿರ, ಬೆಲೆ ಸೋಪಿನ ಹಲವು ಪಟ್ಟು. ಇಸುಬು ಅಥವಾ ಎಕ್ಸಿಮಾ ಇರುವವರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಆ ಹಣ ವ್ಯರ್ಥವಲ್ಲ. ಕಡಲೆಹಿಟ್ಟು ಮೈಯ ಎಣ್ಣೆಯನ್ನು ಹೀರುತ್ತದೆ, ಆದರೆ ಸೋಪಿನಷ್ಟು ಆಳಕ್ಕೆ ಕೈ ಹಾಕುವುದಿಲ್ಲ; ಎಣ್ಣೆ ಸ್ನಾನದ ದಿನಕ್ಕೆ ಅದೇ ಸರಿ, ಒರಟಾಗಿ ತಿಕ್ಕದೆ ನೀರಿನಲ್ಲಿ ತೆಳುವಾಗಿ ಕಲಸಿ ಸವರಿಕೊಂಡರೆ ಸಾಕು. ಸೀಗೆಕಾಯಿ ಆಮ್ಲೀಯ ಎಂಬುದು ಅದರ ಗುಣ, ಆದರೆ ಎಣ್ಣೆ ತೆಗೆಯುವುದರಲ್ಲಿ ಅದು ಬಲು ಬಿರುಸು, ಅದನ್ನು ತಲೆಗಷ್ಟೇ ಮೀಸಲಿಡುವುದು ಒಳಿತು.

ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನೇ ನಂಬಿರುವ ಬಡಾವಣೆಗಳಲ್ಲಿ ನೀರು ಗಡುಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಬಕೆಟ್ಟಿನ ಒಳಗೋಡೆಗೆ ಅಂಟುವ ಬಿಳಿ ಜಿಡ್ಡಾಗುತ್ತದೆ. ಅದೇ ಜಿಡ್ಡು ಮೈಗೂ ಅಂಟುತ್ತದೆ, ತೊಳೆದಷ್ಟೂ ಹೋಗುವುದಿಲ್ಲ. ಗಡುಸು ನೀರಿನ ಮನೆಗಳಲ್ಲಿ ಸೋಪಿಗಿಂತ ಸಿಂಡೆಟ್ ಮೇಲು ಎನ್ನಲು ಇದು ಇನ್ನೊಂದು ಕಾರಣ, ಏಕೆಂದರೆ ಸಿಂಡೆಟ್ ಅಂಥ ಜಿಡ್ಡನ್ನು ಕಟ್ಟುವುದಿಲ್ಲ. ಇನ್ನು ಮಾಡಿನ ಮೇಲಿನ ಸೋಲಾರ್‌ನಿಂದ ಬರುವ ಕುದಿ ನೀರು. ಖರ್ಚಿಲ್ಲ ಎಂಬ ಧೈರ್ಯಕ್ಕೆ ಎರಡು ಬಕೆಟ್ ಸುರಿದುಕೊಳ್ಳುವ ಸುಖ ನನಗೂ ಗೊತ್ತು, ಆದರೆ ಮೈ ಕೆಂಪಗಾಗುವಷ್ಟು ಬಿಸಿ ನೀರು ಸಂದಿನ ಕೊಬ್ಬನ್ನು ಬಹಳ ಬೇಗ ಸಡಿಲಿಸುತ್ತದೆ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ; ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮುಂದೆ ಹೇಳುವ ಎಲ್ಲ ಡಬ್ಬಿಗಳಿಗಿಂತ ಮೊದಲು ಮಾಡಬೇಕಾದದ್ದು ಇದು.

ಮುಚ್ಚಳ ಹಾಕುವವು

ಆವಿಯಾಗುವ ನೀರನ್ನು ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದು ಇಲ್ಲ. ರಾಬರ್ಟ್ ಚೀಸ್‌ಬ್ರೋ ಎಂಬವರು 1872ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದು ವ್ಯಾಸಲೀನ್ ಎಂದು ಮಾರಿದ ಈ ಮುಲಾಮು ನೀರಿನ ನಷ್ಟವನ್ನು ಶೇ 98ರವರೆಗೂ ತಗ್ಗಿಸಬಲ್ಲದು ಎಂದು ಚರ್ಮವೈದ್ಯರ ಬರಹಗಳು ಹೇಳುತ್ತವೆ. ಸಾಮಾನ್ಯ ಎಣ್ಣೆಗಳು ತಗ್ಗಿಸುವುದು ಶೇ 20ರಿಂದ 30ರಷ್ಟನ್ನು. ಸುಗಂಧ ಬೆರೆಸದ ಜೆಲ್ಲಿಗೆ ಅಲರ್ಜಿ ಅತಿ ವಿರಳ, ಬೆಲೆಯೂ ಕಡಿಮೆ. ಅದರ ದೋಷವೆಂದರೆ ಅಂಟು: ಬಟ್ಟೆಗೆ ತಗಲುತ್ತದೆ, ಧೂಳು ಹಿಡಿಯುತ್ತದೆ, ಏಪ್ರಿಲ್‌ನ ಸೆಕೆಯಲ್ಲಿ ಬೆನ್ನಿಗೋ ಎದೆಗೋ ಹಚ್ಚಿದರೆ ಬೆವರುಸಾಲೆ ಏಳುತ್ತದೆ. ಆದ್ದರಿಂದ ಮೊಣಕಾಲಿನ ಕೆಳಗೆ, ಮೊಣಕೈ, ಹಿಮ್ಮಡಿ, ತುಟಿಗಳಿಗೆ ರಾತ್ರಿ ಹಚ್ಚಲು ಅದು ಉತ್ತಮ. ಇಡೀ ಮೈಗೆ ಅಲ್ಲ.

ತೆಂಗಿನೆಣ್ಣೆಯ ಬಗ್ಗೆ ನನ್ನ ಅಭಿಪ್ರಾಯ ತಾಯಿಯ ಅನುಭವದ ನಂತರ ಬದಲಾಯಿತು, ಅದೂ ಎಣ್ಣೆಯ ಪರವಾಗಿಯೇ. ಫಿಲಿಪ್ಪೀನ್ಸಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಣ ಚರ್ಮದವರಿಗೆ ಶುದ್ಧ ತೆಂಗಿನೆಣ್ಣೆಯು ಖನಿಜ ತೈಲದಷ್ಟೇ (ಪೆಟ್ರೋಲಿಯಂನಿಂದ ಶುದ್ಧೀಕರಿಸಿದ, ಮೈಗೆ ಹಚ್ಚುವ ತಿಳಿ ಎಣ್ಣೆಯಷ್ಟೇ) ಪರಿಣಾಮಕಾರಿ ಎಂದು ಕಂಡುಬಂತು. ತಾಯಿ ಮಾಡುತ್ತಿದ್ದ ತಪ್ಪು ಎಣ್ಣೆಯದಲ್ಲ, ಹೊತ್ತಿನದು. ಸ್ನಾನಕ್ಕೆ ಮೊದಲು ಹಚ್ಚಿದ ಎಣ್ಣೆ ನೀರು ಮತ್ತು ಸೋಪಿನ ದಾಳಿಯನ್ನು ಸ್ವಲ್ಪ ತಡೆಯುತ್ತದೆ ನಿಜ, ಆದರೆ ಸೋಪಿನೊಂದಿಗೆ ತಾನೂ ಹರಿದುಹೋಗುತ್ತದೆ. ಈಗ ಅವರು ಸ್ನಾನ ಮುಗಿದ ಕೂಡಲೇ ಟವೆಲ್ಲನ್ನು ತಿಕ್ಕದೆ ಒತ್ತಿ, ಮೈ ಇನ್ನೂ ಪಸೆಯಾಗಿರುವಾಗಲೇ ಅರ್ಧ ಚಮಚ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿಕೊಂಡು ಕಾಲಿಗೆ ಸವರುತ್ತಾರೆ. ಡಿಸೆಂಬರಿನ ಬೆಳಗ್ಗೆ ಬಾಟಲಿಯ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಏಕೆಂದರೆ 24 ಡಿಗ್ರಿಯ ಆಸುಪಾಸಿನಲ್ಲೇ ಅದು ಗಟ್ಟಿಯಾಗುತ್ತದೆ. ಸ್ನಾನಕ್ಕೆ ಹೋಗುವಾಗ ಬಾಟಲಿಯನ್ನು ಬಿಸಿ ನೀರಿನ ಚೊಂಬಿನಲ್ಲಿ ನಿಲ್ಲಿಸಿದರೆ ಬರುವಷ್ಟರಲ್ಲಿ ಕರಗಿರುತ್ತದೆ. ಮೂರನೆಯ ವಾರಕ್ಕೆ ಆ ಬಿಳಿ ಗೆರೆ ಏಳುವುದು ನಿಂತಿತು. ಮುಖದಲ್ಲಿ ಮೊಡವೆ ಬರುವವರು ಮಾತ್ರ ತೆಂಗಿನೆಣ್ಣೆಯನ್ನು ಮುಖಕ್ಕೆ ಹಚ್ಚಬಾರದು, ರಂಧ್ರಗಳನ್ನು ಕಟ್ಟುವ ಗುಣ ಅದಕ್ಕಿದೆ.

ಎಲ್ಲ ಎಣ್ಣೆಗಳೂ ಒಂದೇ ಅಲ್ಲ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ವಾರ ಆಲಿವ್ ಎಣ್ಣೆ ಹಚ್ಚಿದ ಮುಂಗೈಯ ಚರ್ಮದ ಗೋಡೆ ದುರ್ಬಲವಾಯಿತು, ಸೂರ್ಯಕಾಂತಿ ಎಣ್ಣೆ ಹಚ್ಚಿದ ಚರ್ಮ ಹಾಗೆ ಹಾಳಾಗಲಿಲ್ಲ. ಎಣ್ಣೆಗಳಲ್ಲಿರುವ ಕೊಬ್ಬಿನಾಮ್ಲಗಳಲ್ಲಿ ಓಲಿಯಿಕ್ ಆಮ್ಲ ಹೆಚ್ಚಿರುವ ಎಣ್ಣೆ ಸಂದಿನ ಗಾರೆಯ ಜೋಡಣೆಯನ್ನು ಕೆಡಿಸುತ್ತದೆ, ಲಿನೋಲಿಯಿಕ್ ಆಮ್ಲ ಹೆಚ್ಚಿರುವುದು ಹಾಗೆ ಮಾಡುವುದಿಲ್ಲ ಎಂಬುದು ಇದರ ವಿವರಣೆ. ಮಗುವಿಗೆಂದು ದುಬಾರಿ ಆಲಿವ್ ಎಣ್ಣೆ ತರುವವರು ಈ ವಿಷಯವನ್ನು ತಿಳಿದಿರಬೇಕು. ಶೇಂಗಾ ಎಣ್ಣೆಯಲ್ಲೂ ಓಲಿಯಿಕ್ ಆಮ್ಲವೇ ಹೆಚ್ಚು. ಎಳ್ಳೆಣ್ಣೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹರಳೆಣ್ಣೆ ಅಂಟು ಜಾಸ್ತಿ, ದಿನನಿತ್ಯಕ್ಕೆ ಹೊಂದದು. ತುಟಿಗೆ ಬೆಣ್ಣೆ, ತುಪ್ಪ ಹಚ್ಚುವ ರೂಢಿಯಲ್ಲಿ ತಪ್ಪೇನಿಲ್ಲ, ಆದರೆ ಜೆಲ್ಲಿಯಷ್ಟು ಹೊತ್ತು ಅವು ನಿಲ್ಲುವುದಿಲ್ಲ.

ನೀರು ಹಿಡಿಯುವವು

ಗ್ಲಿಸರಿನ್ ನೀರನ್ನು ಎಳೆದು ಹಿಡಿಯುವ ವಸ್ತುಗಳಲ್ಲಿ ಅಗ್ಗದ್ದೂ ಹೌದು, ಅತ್ಯಂತ ನಂಬಿಕೆಗೆ ಯೋಗ್ಯವಾದದ್ದೂ ಹೌದು. ಆದರೆ ಅದು ನೀರನ್ನು ಎಲ್ಲಿಂದ ಎಳೆಯುತ್ತದೆ ಎಂದು ಯೋಚಿಸಬೇಕು. ಮಂಗಳೂರಿನ ಗಾಳಿಯಲ್ಲಿ ಅದಕ್ಕೆ ಹೊರಗಿನಿಂದಲೇ ತೇವ ಸಿಗಬಹುದು. ಮಾರ್ಚ್‌ನ ಬೆಂಗಳೂರಿನಲ್ಲಿ ಅದು ಒಳಗಿನ ಪದರಗಳ ನೀರನ್ನು ಮೇಲಕ್ಕೆ ತರುತ್ತದೆ, ಮೇಲೆ ಮುಚ್ಚಳ ಇಲ್ಲದಿದ್ದರೆ ಆ ನೀರು ಒಣ ಗಾಳಿಗೆ ಹಾರಿಹೋಗುತ್ತದೆ. ಶುದ್ಧ ಗ್ಲಿಸರಿನ್ನನ್ನು ಹಾಗೆಯೇ ಸವರಿಕೊಂಡು ಮುಖ ಬಿಗಿಯಾಯಿತು ಎನ್ನುವವರಿಗೆ ಕಾರಣ ಇದು. ಒಂದು ಪಾಲು ಗ್ಲಿಸರಿನ್ನಿಗೆ ಮೂರು ನಾಲ್ಕು ಪಾಲು ನೀರೋ ಪನ್ನೀರೋ ಬೆರೆಸಿ ಹಚ್ಚಿ, ಅದರ ಮೇಲೆ ಎಣ್ಣೆಯನ್ನೋ ಕ್ರೀಮನ್ನೋ ಸವರಬೇಕು. ನೀರು ಹಿಡಿಯುವ ಇನ್ನೊಂದು ವಸ್ತುವಾದ ಹೈಯಾಲುರಾನಿಕ್ ಆಮ್ಲದ ಸೀರಮ್‌ಗಳಿಗೂ (ಮುಖಕ್ಕೆ ಹಚ್ಚುವ ತೆಳು ದ್ರವಗಳಿಗೂ) ಇದೇ ನಿಯಮ. ಮುಖಕ್ಕೆ ಹಗುರ ಎನ್ನುವುದನ್ನು ಬಿಟ್ಟರೆ ಅವು ಗ್ಲಿಸರಿನ್ನಿಗಿಂತ ಅಷ್ಟು ದುಬಾರಿಯಾಗಲು ನನಗೆ ಸಮರ್ಥನೆ ಕಾಣುವುದಿಲ್ಲ. ಲೋಳೆಸರದ ತಿರುಳು ಬಹುಪಾಲು ನೀರು, ಹಚ್ಚಿದಾಗ ತಂಪು, ಒಣಗಿದ ಮೇಲೆ ಉಳಿಯುವುದು ಕಡಿಮೆ.

ಯೂರಿಯಾ ಬೇರೆ ಜಾತಿಯದು. ಶೇ 5ರಿಂದ 10ರಷ್ಟಿದ್ದಾಗ ಅದು ನೀರು ಹಿಡಿಯುತ್ತದೆ, ಶೇ 20 ದಾಟಿದಾಗ ದಪ್ಪಗಟ್ಟಿದ ಚರ್ಮವನ್ನೇ ಕರಗಿಸಿ ಮೆತ್ತಗೆ ಮಾಡುತ್ತದೆ. ಒಡೆದ ಹಿಮ್ಮಡಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ: ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಿ, ಯೂರಿಯಾ ಕ್ರೀಮ್ ಹಚ್ಚಿ, ಮೇಲೆ ಜೆಲ್ಲಿ ಸವರಿ, ಹತ್ತಿಯ ಕಾಲುಚೀಲ ಹಾಕಿ ಮಲಗುವುದು. ರಕ್ತ ಕಾಣುವಷ್ಟು ಆಳದ ಸೀಳಿಗೆ, ಚಿಕ್ಕ ಮಕ್ಕಳಿಗೆ ಅದು ಬೇಡ, ಉರಿಯುತ್ತದೆ.

ಲೋಷನ್, ಕ್ರೀಮ್, ಸೆರಮೈಡ್

ಅಂಗಡಿಯ ಡಬ್ಬಿಗಳೆಲ್ಲ ಹಿಡಿಯುವ ವಸ್ತು ಮತ್ತು ಮುಚ್ಚುವ ವಸ್ತುಗಳ ಮಿಶ್ರಣಗಳೇ. ನೀರು ಹೆಚ್ಚು, ಕೊಬ್ಬು ಕಡಿಮೆ ಇದ್ದರೆ ಲೋಷನ್. ಕೊಬ್ಬು ಹೆಚ್ಚಿದರೆ ಕ್ರೀಮ್. ನೀರು ಇಲ್ಲವೆನ್ನುವಷ್ಟು ಕಡಿಮೆ ಇದ್ದರೆ ಮುಲಾಮು. ಸೆರಮೈಡ್ ಕ್ರೀಮುಗಳು ಸಡಿಲವಾದ ಗಾರೆಗೆ ಅದೇ ಜಾತಿಯ ವಸ್ತುವನ್ನು ಕೊಡುತ್ತವೆ ಎಂಬ ತರ್ಕ ಒಪ್ಪುವಂಥದ್ದೇ, ಇಸುಬು ಇರುವವರಿಗೆ ಅವು ಹೊಂದಿಕೊಳ್ಳುತ್ತವೆ ಕೂಡ. ಆದರೂ ಬೆಲೆಗೆ ತಕ್ಕಷ್ಟು ಮೇಲು ಎಂದು ಹೇಳಲು ನಾನು ಹಿಂಜರಿಯುತ್ತೇನೆ. ಬ್ರಿಟನ್ನಿನಲ್ಲಿ ಇಸುಬಿದ್ದ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್, ಮುಲಾಮುಗಳನ್ನು ಹಂಚಿ ಹೋಲಿಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ನಾಲ್ಕು ಬಗೆಗಳ ಪರಿಣಾಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯವರು ಬೇಸರಿಸದೆ ದಿನಾ ಹಚ್ಚಲು ಒಪ್ಪುವಂಥದ್ದನ್ನು ಆರಿಸಿಕೊಳ್ಳುವುದು ಸರಿ.

ಬೆಲೆಯನ್ನು ಅಳೆಯಬೇಕಾದದ್ದೂ ಡಬ್ಬಿಯಿಂದಲ್ಲ, ಬಳಕೆಯಿಂದ. ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೂ ಟ್ಯೂಬಿನಿಂದ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿದ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಇಡೀ ಮೈಗೆ ಒಮ್ಮೆ ಹಚ್ಚಲು 20 ಗ್ರಾಂ ಬೇಕು. ದಿನಕ್ಕೆರಡು ಸಲ ಹಚ್ಚುವವರಿಗೆ 50 ಗ್ರಾಂನ ಚಂದದ ಟ್ಯೂಬ್ ಎರಡು ದಿನಕ್ಕೆ ಮುಗಿಯಬೇಕು. ಅದು ಎರಡು ತಿಂಗಳು ಬಂದರೆ ಹಚ್ಚಿದ್ದು ಸಾಲದು ಎಂದೇ ಅರ್ಥ. ಆದ್ದರಿಂದ ಮೈಕೈಗೆ ಸುಗಂಧವಿಲ್ಲದ, ದೊಡ್ಡ ಡಬ್ಬಿಯ ಅಗ್ಗದ ಕ್ರೀಮ್ ಅಥವಾ ತೆಂಗಿನೆಣ್ಣೆ, ಮುಖಕ್ಕೆ ಬೇಕಿದ್ದರೆ ದುಬಾರಿಯದು.

ಕಚೇರಿಗೆ ಹೋಗುವವರಿಗೆ ಬೆಳಗ್ಗೆ ಗ್ಲಿಸರಿನ್ ಇರುವ ಲೋಷನ್ ಹಗುರ, ಅಂಗಿಗೆ ಅಂಟದು. ಮೇಜಿನ ಡ್ರಾಯರಿನಲ್ಲಿ ಕೈಗೊಂದು ಚಿಕ್ಕ ಕ್ರೀಮ್ ಇರಲಿ. ಮನೆಮನೆಗಳಲ್ಲಿ ಪಾತ್ರೆ ತೊಳೆಯುವವರ ಕೈಗೆ ಲೋಷನ್ ಮುಂದಿನ ಸಿಂಕಿನವರೆಗೂ ಉಳಿಯುವುದಿಲ್ಲ. ಹತ್ತಿಯ ಒಳಗವಸಿನ ಮೇಲೆ ರಬ್ಬರ್ ಗವಸು, ರಾತ್ರಿ ಜೆಲ್ಲಿ, ಇವೆರಡೇ ಅವರಿಗೆ ಆಸರೆ, ಆ ಗವಸನ್ನು ಕೊಡಿಸಬೇಕಾದವರು ಕೆಲಸ ಮಾಡಿಸಿಕೊಳ್ಳುವವರು. ವಯಸ್ಸಾದವರಲ್ಲಿ ಚರ್ಮದ ಎಣ್ಣೆಗ್ರಂಥಿಗಳ ಕೆಲಸ ತಗ್ಗಿರುತ್ತದೆ, ಅವರಿಗೆ ದಪ್ಪ ಕ್ರೀಮ್ ಅಥವಾ ಎಣ್ಣೆ ಹೊಂದುತ್ತದೆ. ಎಣ್ಣೆ, ಜೆಲ್ಲಿ ಹಚ್ಚಿಕೊಂಡವರು ನೆಲದ ಮೇಲೆ ಕಾಲಿಡುವಾಗ ಜಾರದಂತೆ, ದೀಪ ಮತ್ತು ಒಲೆಯ ಬಳಿ ಎಚ್ಚರವಾಗಿ ಇರಬೇಕು. ಜಿಡ್ಡು ಹೀರಿಕೊಂಡು ಒಣಗಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ.

ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಚರ್ಮ ತಾನಾಗಿ ಮೆತ್ತಗಾಗುತ್ತದೆ ಎಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ಬಾಯಾರಿಕೆ ತಣಿಯುವಷ್ಟು ಕುಡಿಯುತ್ತಿರುವವರ ಒಣ ಚರ್ಮ ಹೊರಗಿನಿಂದಲೇ ಸರಿಯಾಗಬೇಕು.

ಎರಡು ಮೂರು ವಾರ ಹೀಗೆ ಮಾಡಿಯೂ ತುರಿಕೆ ಇಳಿಯದಿದ್ದರೆ, ಚರ್ಮ ಕೆಂಪಾಗಿ ರಸ ಒಸರಿದರೆ, ಅಥವಾ ಮೈ ಒಣಗುವುದರ ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ತೂಕ ಏರುವುದು ಕಂಡರೆ ಡಬ್ಬಿ ಬದಲಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಥೈರಾಯ್ಡ್ ಮಂದವಾಗಿರುವುದು, ಮೂತ್ರಪಿಂಡದ ಕಾಯಿಲೆ, ಕೆಲವು ಮಾತ್ರೆಗಳು ಕೂಡ ಚರ್ಮವನ್ನು ಒಣಗಿಸುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ ಹಿಮ್ಮಡಿಯ ಸೀಳಿನ ನೋವು ಗೊತ್ತಾಗದೇ ಇರಬಹುದು. ಅವರ ಅಂಗಾಲನ್ನು ಪ್ರತಿ ರಾತ್ರಿ ಮನೆಯವರೊಬ್ಬರು ಬೆಳಕಿನಲ್ಲಿ ನೋಡಬೇಕು, ಕಾಲ್ಬೆರಳ ಸಂದುಗಳನ್ನು ಬಿಟ್ಟು ಉಳಿದೆಡೆ ಕ್ರೀಮ್ ಹಚ್ಚಬೇಕು, ಸೀಳು ಕಂಡ ದಿನವೇ ವೈದ್ಯರಿಗೆ ತೋರಿಸಬೇಕು.